2020-21ರ ಫಿಗರ್ ಸ್ಕೇಟಿಂಗ್ ಸೀಸನ್ ರಿವ್ಯೂ: ಗ್ರ್ಯಾಂಡ್ ಪ್ರೀಗೆ ಎರಡು ಸ್ಟಾರ್, ಸ್ಟಾಕ್‌ಹೋಮ್‌ಗೆ ಐದು

ಕೋವಿಡ್ ಟೈಮಲ್ಲಿ ಹೇಗೋ ಎದ್ದು ಬಿದ್ದು ನಡೆದ 2020-21ರ ಸೀಸನ್ನ ಈಗ ಕೂತು ನೋಡೋದ್ರಲ್ಲಿ ಅರ್ಥ ಇದೆಯಾ ಅಂತ ಸ್ಕೇಟಿಂಗ್ ಹೊಸದಾಗಿ ಹಚ್ಕೊಂಡವರು ಕೇಳ್ತಾನೇ ಇರ್ತಾರೆ, ಅದಕ್ಕೇ ಈ ರಿವ್ಯೂ. 2022ರ ಬೀಜಿಂಗ್ ಒಲಿಂಪಿಕ್ಸ್ ನೋಡಿ ಈ ಆಟಕ್ಕೆ ಬಿದ್ದವರಿಗೆ ಅದರ ಹಿಂದಿನ ವರ್ಷ ಏನಾಯ್ತು ಅನ್ನೋದು ಗೊತ್ತಿರಲ್ಲ, ಗೊತ್ತಿಲ್ದೆ ಇದ್ರೆ ಬೀಜಿಂಗೂ ಅರ್ಧ ಅರ್ಥ ಆದ ಹಾಗೇನೇ. ಮೊದಲೇ ಹೇಳ್ಬಿಡ್ತೀನಿ, ಆ ವರ್ಷದ ಗ್ರ್ಯಾಂಡ್ ಪ್ರೀಗೆ ನನ್ನ ಕಡೆಯಿಂದ ಎರಡೇ ಸ್ಟಾರ್, ಸ್ಟಾಕ್‌ಹೋಮ್ ವರ್ಲ್ಡ್ಸ್‌ಗೆ (ವರ್ಲ್ಡ್ ಚಾಂಪಿಯನ್‌ಶಿಪ್) ಕಣ್ಣು ಮುಚ್ಕೊಂಡು ಐದು, ಜೂನಿಯರ್‌ಗಳ ವಿಷಯಕ್ಕೆ ಕೊಡೋಕೆ ಸ್ಟಾರೇ ಇಲ್ಲ, ಯಾಕಂದ್ರೆ ಅವರಿಗೆ ಆ ವರ್ಷ ದೊಡ್ಡ ಇಂಟರ್‌ನ್ಯಾಷನಲ್ ಸ್ಪರ್ಧೆ ಯಾವುದೂ ನಡೀಲೇ ಇಲ್ಲ.

ಕಥೆ ಶುರುವಾಗೋದು ಅದರ ಹಿಂದಿನ ಸೀಸನ್ ಕೊನೇಲಿ. 2020ರ ಮಾರ್ಚ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವರ್ಲ್ಡ್ಸ್ ಆಗ್ಬೇಕಿತ್ತು. ಇನ್ನೊಂದು ವಾರ ಇದೆ ಅನ್ನೋವಾಗ, ಮಾರ್ಚ್ 11ಕ್ಕೆ, ಕ್ಯಾನ್ಸಲ್ ಅಂತ ಸುದ್ದಿ ಬಂತು. ಅಷ್ಟರಲ್ಲಿ ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಜೂನಿಯರ್ ವರ್ಲ್ಡ್ಸ್ ಮುಗಿದು ಕೆಲವೇ ದಿನ ಆಗಿತ್ತು. ಮಾಂಟ್ರಿಯಲ್ ಹೋಗಿದ್ದು ಬರೀ ಒಂದು ಟೂರ್ನಮೆಂಟ್ ಹೋದ ಹಾಗಲ್ಲ. ರಷ್ಯಾದ ಅಲ್ಯೋನಾ ಕೊಸ್ಟೊರ್ನಾಯಾ ಅನ್ನೋ ಹುಡುಗಿ ಆ ವರ್ಷ ಗ್ರ್ಯಾಂಡ್ ಪ್ರೀ ಫೈನಲ್ ಗೆದ್ದಿದ್ಲು, ಯುರೋಪಿಯನ್ಸ್ ಗೆದ್ದಿದ್ಲು, ಮಾಂಟ್ರಿಯಲ್‌ನಲ್ಲಿ ಗೆಲ್ಲೋ ಫೇವರಿಟ್ ಅಂದ್ರೆ ಅವಳೇ. ಅದು ಹೋಯ್ತು. ಮುಂದಿನ ಡಿಸೆಂಬರ್‌ನಲ್ಲಿ ರಷ್ಯನ್ ನ್ಯಾಷನಲ್ಸ್ ಟೈಮಿಗೆ ಸರಿಯಾಗಿ ಅವಳಿಗೇ ಕೋವಿಡ್ ಬಂತು, ಅದೂ ಹೋಯ್ತು, ಸ್ಟಾಕ್‌ಹೋಮ್ ಟೀಮಿಗೆ ಸೆಲೆಕ್ಟ್ ಆಗ್ಲಿಲ್ಲ. ಆಮೇಲೆ ಗಾಯ, ಆಮೇಲೆ 2022ರಲ್ಲಿ ಉಕ್ರೇನ್ ಯುದ್ಧದ ಕಾರಣಕ್ಕೆ ರಷ್ಯಾದವರಿಗೆಲ್ಲ ಬ್ಯಾನ್. ಅಷ್ಟು ಚೆಂದ ಸ್ಕೇಟ್ ಮಾಡೋಳು ಸಿಂಗಲ್ಸ್‌ನಲ್ಲಿ ಒಂದೇ ಒಂದು ಸೀನಿಯರ್ ವರ್ಲ್ಡ್ಸ್ ಕೂಡ ಆಡ್ಲಿಲ್ಲ. ಅವಳ ತ್ರಿಪಲ್ ಆಕ್ಸೆಲ್, ಅಂದ್ರೆ ಗಾಳೀಲಿ ಮೂರೂವರೆ ಸುತ್ತು ತಿರುಗೋ ಜಂಪ್, ನೋಡಿದ್ದೀರಾ, ಜಂಪ್‌ಗೆ ಮುಂಚೆ ತಯಾರಾಗ್ತಿದ್ದಾಳೆ ಅಂತಲೇ ಗೊತ್ತಾಗಲ್ಲ, ಸುಮ್ನೆ ಜಾರ್ಕೊಂಡು ಬರ್ತಾಳೆ, ಏರ್ತಾಳೆ, ಇಳಿದು ಅದೇ ಸ್ಪೀಡಲ್ಲಿ ಹೊರಟೇ ಹೋಗ್ತಾಳೆ. ಈ ಸೀಸನ್ ಯಾರಿಗೆ ಏನು ಮಾಡ್ತು ಅಂತ ಯಾರಾದ್ರೂ ಕೇಳಿದ್ರೆ ನಾನು ಮೊದಲು ತಗೊಳ್ಳೋ ಹೆಸರು ಇವಳದ್ದೇ.

ಈಗ ಗ್ರ್ಯಾಂಡ್ ಪ್ರೀ ವಿಷಯಕ್ಕೆ ಬರೋಣ. ಪ್ರತಿ ವರ್ಷ ಆರು ದೇಶದಲ್ಲಿ ಆರು ಸ್ಪರ್ಧೆ, ಟಾಪ್ ಸ್ಕೇಟರ್‌ಗಳು ಹೆಚ್ಚಂದ್ರೆ ಎರಡರಲ್ಲಿ ಆಡ್ತಾರೆ, ಪಾಯಿಂಟ್ ಸೇರಿಸಿ ಮೊದಲ ಆರು ಜನ ಫೈನಲ್‌ಗೆ ಹೋಗ್ತಾರೆ. 2020ರಲ್ಲಿ ಇಂಟರ್‌ನ್ಯಾಷನಲ್ ಸ್ಕೇಟಿಂಗ್ ಯೂನಿಯನ್, ಅಂದ್ರೆ ಐಎಸ್‌ಯು, ಇದನ್ನೇ ಬದಲಾಯಿಸಿ ಒಬ್ಬರಿಗೆ ಒಂದೇ ಸ್ಪರ್ಧೆ, ಅದೂ ತಮ್ಮ ದೇಶದಲ್ಲಿ ಅಥವಾ ತಾವು ಪ್ರಾಕ್ಟೀಸ್ ಮಾಡೋ ದೇಶದಲ್ಲಿ ಅಥವಾ ಹತ್ತಿರದಲ್ಲಿ ಅಂತ ಮಾಡ್ತು. ಜಡ್ಜ್‌ಗಳೂ ಬಹುಪಾಲು ಅಲ್ಲಿನವರೇ. ಆರರಲ್ಲಿ ನಡೆದಿದ್ದು ನಾಲ್ಕು, ಲಾಸ್ ವೇಗಸ್, ಚೋಂಗ್‌ಚಿಂಗ್, ಮಾಸ್ಕೋ, ಒಸಾಕಾ. ಒಟ್ಟಾವಾದ ಸ್ಕೇಟ್ ಕೆನಡಾ ಎರಡು ವಾರ ಮುಂಚೆ ಕ್ಯಾನ್ಸಲ್ ಆಯ್ತು, ಫ್ರಾನ್ಸ್‌ನ ಗ್ರೆನೋಬ್ಲ್ ಕೂಡ ಹಾಗೇ ಹೋಯ್ತು, ಬೀಜಿಂಗ್‌ನ ಫೈನಲ್ ಮೊದಲು ಮುಂದಕ್ಕೆ ಹೋಗಿ ಆಮೇಲೆ ಇಲ್ಲವೇ ಇಲ್ಲ ಅಂತಾಯ್ತು.

ನನ್ನ ತಕರಾರು ಇರೋದು ಸ್ಪರ್ಧೆ ನಡೆಸಿದ್ದಕ್ಕಲ್ಲ. ನಡೆಸಿದ್ದು ಸರಿ, ನೂರಕ್ಕೆ ನೂರು ಸರಿ. ತಿಂಗಳುಗಟ್ಟಲೆ ರಿಂಕ್ ಮುಚ್ಚಿ ಮನೆ ಹಾಲ್‌ನಲ್ಲಿ ಜಂಪ್ ಪ್ರಾಕ್ಟೀಸ್ ಮಾಡ್ಕೊಂಡು ಕೂತಿದ್ದ ಸ್ಕೇಟರ್‌ಗೆ ಡ್ರೆಸ್ ಹಾಕ್ಕೊಂಡು, ಜಡ್ಜ್ ಎದುರು ನಿಂತು, ನಾಲ್ಕು ನಿಮಿಷದ ಫ್ರೀ ಸ್ಕೇಟ್ (ಸ್ಪರ್ಧೆಯ ಎರಡನೇ, ಉದ್ದದ ಭಾಗ) ಪೂರ್ತಿ ಮಾಡೋಕೆ ಒಂದು ಜಾಗ ಬೇಕೇ ಬೇಕು, ಇಲ್ಲಾಂದ್ರೆ ದೇಹ ಮರೆತುಬಿಡುತ್ತೆ. ತಕರಾರು ಏನಂದ್ರೆ ಹಳೇ ಹೆಸರು, ಹಳೇ ಬ್ಯಾನರ್, ಹಳೇ ಮೆಡಲ್ ಎಲ್ಲ ಹಾಗೇ ಇಟ್ಟು ನಮಗೆ ಅದನ್ನ ಗ್ರ್ಯಾಂಡ್ ಪ್ರೀ ಅಂತಲೇ ಕೊಟ್ಟಿದ್ದು. ರಣಜಿ ಮ್ಯಾಚ್‌ಗೆ ಟೆಸ್ಟ್ ಮ್ಯಾಚ್ ಅಂತ ಬೋರ್ಡ್ ಹಾಕಿದ್ರೆ ಹೆಂಗಿರುತ್ತೋ ಹಂಗೆ. ಮನೆ ಜಡ್ಜ್‌ಗಳು ಮನೆ ಮಕ್ಕಳಿಗೆ ಕೊಟ್ಟ ಮಾರ್ಕ್ಸನ್ನ ಒಸಾಕಾದ್ದು ಇಷ್ಟು ಮಾಸ್ಕೋದ್ದು ಅಷ್ಟು ಅಂತ ಪಕ್ಕ ಪಕ್ಕ ಇಟ್ಟು ಚರ್ಚೆ ಮಾಡಿದ್ದೇ ಮಾಡಿದ್ದು ಜನ, ಅದಕ್ಕೆ ಯಾವ ಅರ್ಥನೂ ಇರ್ಲಿಲ್ಲ. ವಿಶೇಷ ಸೀಸನ್, ದೇಶದೊಳಗಿನ ಸರಣಿ ಅಂತ ನೇರವಾಗಿ ಹೇಳಿದ್ರೆ ಯಾರೂ ಬೇಜಾರು ಮಾಡ್ಕೋತಿರ್ಲಿಲ್ಲ.

ಹಾಗಂತ ಪೂರ್ತಿ ಬಿಟ್ಟುಬಿಡೋ ಹಾಗೂ ಇಲ್ಲ. ಅಕ್ಟೋಬರ್ 23-24ರ ಸ್ಕೇಟ್ ಅಮೆರಿಕಾದಲ್ಲಿ ಜನಾನೇ ಇಲ್ಲ, ಸೀಟುಗಳಲ್ಲಿ ಅಭಿಮಾನಿಗಳ ಫೋಟೋ ಅಂಟಿಸಿದ ರಟ್ಟಿನ ಕಟೌಟ್‌ಗಳು. ಆದ್ರೆ ಜನ ಇಲ್ದೇ ಇರೋದ್ರಿಂದ ಒಂದು ವಿಷಯ ಸಿಕ್ತು, ಸದ್ದು. ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ನೋಡಿ. ಎಡ್ಜ್ ಮೇಲೆ, ಅಂದ್ರೆ ಬ್ಲೇಡಿನ ಅಂಚಿನ ಮೇಲೆ, ಆಳವಾಗಿ ಬಾಗಿದಾಗ ಬ್ಲೇಡ್ ಐಸ್ ಕೊಯ್ಯೋ ಸರ್ ಅನ್ನೋ ಸದ್ದು, ಲಟ್ಜ್ ಅನ್ನೋ ಜಂಪ್‌ಗೆ ಮುಂಚೆ ಹಿಂದಿನ ಕಾಲಿನ ಟೋ ಪಿಕ್ (ಬ್ಲೇಡ್ ತುದಿಯ ಹಲ್ಲು) ಠಕ್ ಅಂತ ನಾಟೋದು, ಗಾಳೀಲಿ ಇರುವಾಗ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಲ್ಯಾಂಡಿಂಗ್. ಚೆನ್ನಾಗಿ ಇಳಿದವರದ್ದು ಒಂದು ಮೆತ್ತಗಿನ ಸದ್ದು, ತಿರುಗು ಪೂರ್ತಿ ಆಗ್ದೇ ಇಳಿದವರದ್ದು ಕೆರೆದ ಹಾಗೆ ಬೇರೇನೇ ಸದ್ದು. ಕೆಲವು ಸಲ ಸ್ಲೋ ಮೋಷನ್ ರೀಪ್ಲೇ ಬರೋಕೆ ಮುಂಚೆನೇ ಕಿವಿಗೆ ಗೊತ್ತಾಗ್ತಿತ್ತು. ತುಂಬಿದ ಸ್ಟೇಡಿಯಂನಲ್ಲಿ ಇದು ಟಿವಿಗೆ ಇಷ್ಟು ಸ್ಪಷ್ಟ ಬರಲ್ಲ. ಸ್ಕೇಟಿಂಗ್ ಕಲಿಯೋ ಮಕ್ಕಳಿದ್ರೆ ಈ ಒಂದು ಕಾರಣಕ್ಕೆ ಅವರಿಗೆ ತೋರಿಸಿ, ನಮ್ಮ ಕಡೆ ಬಹುಪಾಲು ಮಕ್ಕಳು ಚಕ್ರದ ಸ್ಕೇಟಿಂಗೇ ಕಲಿಯೋದು, ಆದ್ರೂ ಎಡ್ಜ್ ಅಂದ್ರೆ ಏನು ಅಂತ ಕಿವಿಯಿಂದಲೇ ಅರ್ಥ ಆಗುತ್ತೆ.

ವೇಗಸ್‌ನಲ್ಲಿ ಅಮೆರಿಕಾದ ನೇಥನ್ ಚೆನ್ ಗೆದ್ದಿದ್ದು ಯಾರಿಗೂ ಆಶ್ಚರ್ಯ ಇಲ್ಲ, ಅಲ್ಲಿ ಅವನಿಗೆ ಅದು ಸತತ ನಾಲ್ಕನೇ ಸಲ. ನನಗೆ ಹಿಡಿಸಿದ್ದು ಮರಾಯಾ ಬೆಲ್, 24ನೇ ವಯಸ್ಸಿಗೆ ಅವಳ ಮೊದಲ ಗ್ರ್ಯಾಂಡ್ ಪ್ರೀ ಗೆಲುವು, ಹದಿನಾರಕ್ಕೆ ಎಲ್ಲಾ ಮುಗೀತು ಅನ್ನೋ ಹಾಗೆ ಮಾತಾಡೋ ಆಟದಲ್ಲಿ ಇದು ಸಣ್ಣ ವಿಷಯ ಅಲ್ಲ. ಪೇರ್ಸ್‌ನಲ್ಲಿ (ಜೋಡಿಯಾಗಿ ಆಡೋ ವಿಭಾಗ) ಅಲೆಕ್ಸಾ ಕ್ನೀರಿಮ್, ಬ್ರಾಂಡನ್ ಫ್ರೇಜಿಯರ್ ಅದೇ ವರ್ಷ ಹೊಸದಾಗಿ ಜೊತೆಯಾದವರು, ಲಾಕ್‌ಡೌನ್ ಮಧ್ಯೆ ಲಿಫ್ಟ್, ಥ್ರೋ ಎಲ್ಲ ಹೊಸ ಪಾರ್ಟ್‌ನರ್ ಜೊತೆ ಹೊಂದಿಸ್ಕೊಂಡು ಬಂದು ಜೋಡಿಯಾಗಿ ಆಡಿದ ಮೊದಲ ಗ್ರ್ಯಾಂಡ್ ಪ್ರೀಯಲ್ಲೇ ಗೆದ್ರು.

ಚೋಂಗ್‌ಚಿಂಗ್‌ನದ್ದು ಟೈಮ್ ಇಲ್ಲಾಂದ್ರೆ ಬಿಡಿ, ಚೀನಾದವರು ಮಾತ್ರ, ಜಿನ್ ಬೊಯಾಂಗ್ ಒಬ್ಬನ್ನ ನೋಡಿದ್ರೆ ಸಾಕು.

ಮಾಸ್ಕೋದ ರೋಸ್ಟೆಲಿಕಾಂ ಕಪ್ ಮಾತ್ರ ಸ್ಪರ್ಧೆ ಅನ್ನೋ ಹಾಗಿತ್ತು, ಯಾಕಂದ್ರೆ ಮಹಿಳೆಯರಲ್ಲಿ ರಷ್ಯಾದ ನ್ಯಾಷನಲ್ಸೇ ಆಗ ವರ್ಲ್ಡ್ಸ್‌ಗಿಂತ ಕಷ್ಟ. ಅಲ್ಲಿ ಕೊಸ್ಟೊರ್ನಾಯಾ, ಅಲೆಕ್ಸಾಂಡ್ರಾ ತ್ರುಸೋವಾ ಇಬ್ಬರನ್ನೂ ಹಿಂದೆ ಹಾಕಿ ಎಲಿಜವೆಟಾ ತುಕ್ತಮಿಶೆವಾ ಗೆದ್ದಳು. 2015ರ ವರ್ಲ್ಡ್ ಚಾಂಪಿಯನ್ ಇವಳು, ಆಮೇಲೆ ಪ್ರತಿ ವರ್ಷ ಕೆಳಗಿಂದ ಹೊಸ ಹೊಸ ಹುಡುಗೀರು ಕ್ವಾಡ್ (ನಾಲ್ಕು ಸುತ್ತಿನ ಜಂಪ್) ಹೊಡ್ಕೊಂಡು ಬರ್ತಾನೇ ಇದ್ರು, ಇವಳು ತನ್ನ ತ್ರಿಪಲ್ ಆಕ್ಸೆಲ್ ಹಿಡ್ಕೊಂಡು ಬಿಡದೇ ನಿಂತ್ಲು. ಆದ್ರೆ ಸಭಾಂಗಣದಲ್ಲಿ ಜನ ಇದ್ದಿದ್ದು ಮಾತ್ರ ನನಗೆ ಅವತ್ತೂ ಸರಿ ಅನ್ನಿಸ್ಲಿಲ್ಲ, ಇವತ್ತೂ ಅನ್ಸಲ್ಲ. ವೈರಸ್ ಜೋರಾಗಿ ಏರ್ತಿದ್ದ ನವೆಂಬರ್ ಅದು.

ಒಸಾಕಾದ ಎನ್‌ಎಚ್‌ಕೆ ಟ್ರೋಫಿಯಲ್ಲೂ ಜನ ಇದ್ರು, ಆದ್ರೆ ಕಮ್ಮಿ ಸಂಖ್ಯೆ, ಕೂಗೋ ಹಾಗಿಲ್ಲ, ಚಪ್ಪಾಳೆ ಮಾತ್ರ. ಆ ಬರೀ ಚಪ್ಪಾಳೆ ಕೇಳೋಕೆ ಒಂಥರಾ ಚೆನ್ನಾಗಿತ್ತು. ಇಲ್ಲಿ ಮಿಸ್ ಮಾಡ್ಬಾರ್ದಿದ್ದು ಐಸ್ ಡಾನ್ಸ್ (ಇದೂ ಜೋಡಿಗಳದ್ದೇ, ಆದ್ರೆ ದೊಡ್ಡ ಜಂಪ್ ಇರಲ್ಲ), ಡೈಸುಕೆ ತಕಹಾಶಿ ಅಂದ್ರೆ 2010ರ ವರ್ಲ್ಡ್ ಚಾಂಪಿಯನ್, ವ್ಯಾಂಕೂವರ್ ಒಲಿಂಪಿಕ್ಸ್‌ನ ಕಂಚು ಗೆದ್ದವರು, 34ನೇ ವಯಸ್ಸಲ್ಲಿ ಸಿಂಗಲ್ಸ್ ಬಿಟ್ಟು ಕಾನಾ ಮುರಮೊಟೊ ಜೊತೆ ಐಸ್ ಡಾನ್ಸ್‌ಗೆ ಇಳಿದಿದ್ದು ಇಲ್ಲೇ. ಮೂರನೇ ಸ್ಥಾನ ಬಂತು, ಸ್ಥಾನ ಮುಖ್ಯ ಅಲ್ಲ, ಹೊಸದಾಗಿ ಕಲಿತವರ ಮುಖದಲ್ಲಿರೋ ಆ ಗಮನ ನೋಡಿ, ಅಷ್ಟು ದೊಡ್ಡ ಸ್ಟಾರ್ ಮುಖದಲ್ಲಿ ಅದು.

ಇನ್ನು ಜೂನಿಯರ್‌ಗಳದ್ದು. ಇದನ್ನ ಬರೆಯೋಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಜೂನಿಯರ್ ಗ್ರ್ಯಾಂಡ್ ಪ್ರೀ ಪೂರ್ತಿ ಸರಣಿ ಜುಲೈನಲ್ಲೇ ಕ್ಯಾನ್ಸಲ್ ಮಾಡಿದ್ರು. ಹಾರ್ಬಿನ್‌ನಲ್ಲಿ ಆಗ್ಬೇಕಿದ್ದ ಜೂನಿಯರ್ ವರ್ಲ್ಡ್ಸೂ ಹೋಯ್ತು. ಸೀನಿಯರ್‌ಗಳಿಗೆ ಮನೆಯೊಳಗಿನ ಗ್ರ್ಯಾಂಡ್ ಪ್ರೀನಾದ್ರೂ ಸಿಕ್ತು, ಇವರಿಗೆ ಅದೂ ಇಲ್ಲ. ಕ್ಯಾನ್ಸಲ್ ಮಾಡಿದ್ದು ತಪ್ಪು ಅನ್ನಲ್ಲ, ಹದಿಮೂರು ಹದಿನಾಲ್ಕು ವರ್ಷದ ಮಕ್ಕಳನ್ನ ಆ ಟೈಮಲ್ಲಿ ಯಾವ ಧೈರ್ಯದ ಮೇಲೆ ವಿಮಾನ ಹತ್ತಿಸ್ತಾರೆ. ಆದ್ರೆ ಹದಿನಾಲ್ಕನೇ ವಯಸ್ಸಿನ ಒಂದು ಸೀಸನ್ ಅಂದ್ರೆ ಏನು ಅಂತ ಯೋಚ್ನೆ ಮಾಡಿ. ಮುಂದಿನ ವರ್ಷಕ್ಕೆ ಎತ್ತರ ಬೆಳೆದಿರುತ್ತೆ, ದೇಹದ ತೂಕ ಬೇರೆ, ಹೋದ ವರ್ಷ ಬರ್ತಿದ್ದ ಜಂಪ್ ಈಗ ಬರಲ್ಲ. ದೊಡ್ಡ ಫೆಡರೇಷನ್ ಮಕ್ಕಳಿಗೆ ದೇಶದೊಳಗೇ ಸ್ಪರ್ಧೆ ಇತ್ತು, ಅಮೆರಿಕಾ, ಕೆನಡಾದಲ್ಲಿ ವಿಡಿಯೋ ಕಳಿಸಿ ಜಡ್ಜ್ ಮಾಡಿಸ್ಕೊಳ್ಳೋ ವ್ಯವಸ್ಥೆ ಕೂಡ ಮಾಡಿದ್ರು, ಒಳ್ಳೇದು. ಒಂದೇ ಒಂದು ರಿಂಕ್ ಇರೋ ದೇಶದ ಮಗುಗೆ ಏನಿತ್ತು? ಹೊರಗಿನವರ ಎದುರು ನಿಲ್ಲೋ ಒಂದೇ ಬಾಗಿಲು ಜೂನಿಯರ್ ಗ್ರ್ಯಾಂಡ್ ಪ್ರೀ, ಅದೇ ಮುಚ್ಚಿತ್ತು. ನೋಡೋರಿಗೂ ಅದೇ ನಷ್ಟ, ಯೂಟ್ಯೂಬ್‌ನಲ್ಲಿ ಫ್ರೀಯಾಗಿ, ಕೊನೇ ಸ್ಥಾನದ ಹುಡುಗನಿಂದ ಹಿಡಿದು ಎಲ್ಲರನ್ನೂ ತೋರಿಸೋ ಸ್ಪರ್ಧೆ ಅದು, ಈ ಆಟದಲ್ಲಿ ಸಿಗೋ ಅತಿ ಒಳ್ಳೇ ಸರ್ವಿಸ್ ಅಂದ್ರೆ ಅದೇ. 2021ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಕೂರ್ಷೆವೆಲ್‌ನಿಂದ ಅದು ವಾಪಸ್ ಶುರುವಾದಾಗ ನಾನು ಎಲ್ಲಾ ಗ್ರೂಪ್ ನೋಡ್ದೆ, ವಾರ್ಮ್‌ಅಪ್ ಕೂಡ ಬಿಡದೆ.

ಯುರೋಪಿಯನ್ಸ್, ಫೋರ್ ಕಾಂಟಿನೆಂಟ್ಸ್ (ಯುರೋಪ್ ಬಿಟ್ಟು ಉಳಿದ ಖಂಡದವರದ್ದು) ಎರಡೂ ಕ್ಯಾನ್ಸಲ್. ಹಾಗಾಗಿ ಬೇರೆ ಬೇರೆ ದೇಶದವರು ನಿಜವಾಗಿ ಒಂದೇ ಐಸ್ ಮೇಲೆ ಎದುರಾಗಿದ್ದು 2021ರ ಮಾರ್ಚ್ ಕೊನೇ ವಾರ, ಸ್ಟಾಕ್‌ಹೋಮ್‌ನ ಎರಿಕ್ಸನ್ ಗ್ಲೋಬ್‌ನಲ್ಲಿ. ಪ್ರೇಕ್ಷಕರಿಲ್ಲ, ಎಲ್ಲರೂ ಬಬಲ್ ಒಳಗೆ, ಟೆಸ್ಟ್ ಮೇಲೆ ಟೆಸ್ಟ್. ಬೀಜಿಂಗ್ ಒಲಿಂಪಿಕ್ಸ್‌ಗೆ ಯಾವ ದೇಶಕ್ಕೆ ಎಷ್ಟು ಜಾಗ ಅನ್ನೋದು ಇಲ್ಲೇ ತೀರ್ಮಾನ ಆಗ್ಬೇಕಿತ್ತು, ಅದಕ್ಕೇ ಇದನ್ನ ಹೆಂಗಾದ್ರೂ ನಡೆಸ್ಲೇಬೇಕಿತ್ತು. ನಡೆಸಿದ್ರು, ಚೆನ್ನಾಗೇ ನಡೆಸಿದ್ರು.

ಪುರುಷರ ವಿಭಾಗ ಒಂದಕ್ಕೇ ಇಡೀ ಸೀಸನ್ ನೋಡಿದ್ದು ಸಾರ್ಥಕ. ಎರಡು ಸಲ ಒಲಿಂಪಿಕ್ ಚಿನ್ನ ಗೆದ್ದ ಜಪಾನ್‌ನ ಯುಜುರು ಹಾನ್ಯುಗೆ ಆಸ್ತಮಾ, ಜೊತೆಗೆ ತಾನು ಓಡಾಡಿದ್ರೆ ಜನ ಸೇರಿ ಸೋಂಕು ಹರಡುತ್ತೆ ಅಂತ ಗ್ರ್ಯಾಂಡ್ ಪ್ರೀನೇ ಬಿಟ್ಟಿದ್ದ, ಕೋಚ್ ಬ್ರಯನ್ ಓರ್ಸರ್ ಟೊರಾಂಟೊದಲ್ಲಿ, ಇವನು ಜಪಾನ್‌ನಲ್ಲಿ ಒಬ್ಬನೇ ಪ್ರಾಕ್ಟೀಸ್. ಹಂಗಿದ್ದೂ ಡಿಸೆಂಬರ್‌ನಲ್ಲಿ ನ್ಯಾಷನಲ್ಸ್ ಗೆದ್ದ. ಸ್ಟಾಕ್‌ಹೋಮ್ ಶಾರ್ಟ್ ಪ್ರೋಗ್ರಾಂನಲ್ಲಿ (ಸ್ಪರ್ಧೆಯ ಮೊದಲ, ಚಿಕ್ಕ ಭಾಗ) 106.98 ತಗೊಂಡು ಮೊದಲು. ಎರಡನೇದು 17 ವರ್ಷದ ಯೂಮಾ ಕಗಿಯಾಮಾ, ಮೊದಲ ವರ್ಲ್ಡ್ಸ್, ನೂರು ದಾಟಿದ್ದಾನೆ. ಚೆನ್ ಕ್ವಾಡ್ ಲಟ್ಜ್‌ನಲ್ಲಿ ಬಿದ್ದು 98.85, ಮೂರನೇ ಸ್ಥಾನ. ಹಾನ್ಯುಗೂ ಅವನಿಗೂ ಎಂಟು ಪಾಯಿಂಟ್ ಅಂತರ. ಎರಡು ದಿನ ಬಿಟ್ಟು ಫ್ರೀ ಸ್ಕೇಟ್. ಬಿದ್ದಿದ್ದ ಅದೇ ಕ್ವಾಡ್ ಲಟ್ಜ್‌ನಿಂದಲೇ ಚೆನ್ ಶುರು ಮಾಡ್ದ. ಅದನ್ನ ರೀಪ್ಲೇ ಮಾಡಿ ನೋಡಿ, ಆ ಜಂಪ್‌ಗೆ ಹೋಗೋ ಉದ್ದನೆಯ ಹಿಮ್ಮುಖ ಓಟದಲ್ಲಿ ಭುಜ ಒಂಚೂರೂ ಗಟ್ಟಿಯಾಗಿಲ್ಲ, ಇಳಿದ ಮೇಲೂ ಮುಖದಲ್ಲಿ ಏನೂ ಇಲ್ಲ, ಮುಂದಿನ ಕೆಲಸ ನೋಡ್ಕೋತಾನೆ. ಐದು ಕ್ವಾಡ್, 222.03. ಒಟ್ಟು 320.88. ಹಾನ್ಯು ಕೊನೇಲಿ ಬಂದಾಗ ಮೊದಲ ಜಂಪ್‌ಗೇ ಕೈ ಐಸ್‌ಗೆ ತಾಗ್ತು, ಆಮೇಲೆ ಒಂದೊಂದೇ ಲ್ಯಾಂಡಿಂಗ್ ಅಲುಗಾಡ್ತಾ ಹೋಯ್ತು. 289.18. ಕಗಿಯಾಮಾ 291.77ರಿಂದ ಬೆಳ್ಳಿ ಕಿತ್ಕೊಂಡ. ಆ ಹುಡುಗನ ಕೋಚ್ ಅಂದ್ರೆ ಅವರಪ್ಪನೇ, ತಾನೂ ಎರಡು ಒಲಿಂಪಿಕ್ಸ್ ಆಡಿದವರು. ಜನ ತುಂಬಿದ್ದಿದ್ರೆ ಹಾನ್ಯು ಹೇಗೆ ಆಡ್ತಿದ್ದ ಅಂತ ಅವನ ಅಭಿಮಾನಿಗಳು ಇವತ್ತಿಗೂ ಕೇಳ್ತಾರೆ. ನನ್ನ ಪ್ರಕಾರ ಜನಕ್ಕಿಂತ ಅವನಿಗೆ ಬೇಕಾಗಿದ್ದು ಪಕ್ಕದಲ್ಲಿ ನಿಂತು ನೋಡೋ ಒಂದು ಜೊತೆ ಕಣ್ಣು, ವರ್ಷಪೂರ್ತಿ ಒಬ್ಬನೇ ತನ್ನ ತಪ್ಪು ತಾನೇ ಹುಡುಕ್ಕೊಂಡು ಆ ಮಟ್ಟಕ್ಕೆ ತಯಾರಾಗಿ ಬಂದಿದ್ದೇ ದೊಡ್ಡದು.

ಮಹಿಳೆಯರಲ್ಲಿ ಅನ್ನಾ ಷೆರ್ಬಕೋವಾ. ನವೆಂಬರ್‌ನಲ್ಲಿ ನ್ಯುಮೋನಿಯಾ ಆಗಿತ್ತು, ಡಿಸೆಂಬರ್ ನ್ಯಾಷನಲ್ಸ್‌ನಲ್ಲಿ ಪ್ರೋಗ್ರಾಂ ಮುಗಿಸೋಷ್ಟರಲ್ಲಿ ಉಸಿರೇ ಇರ್ಲಿಲ್ಲ, ಆದ್ರೂ ಗೆದ್ದು ಬಂದವಳು ಇಲ್ಲಿ 17 ತುಂಬೋಕೆ ಎರಡು ದಿನ ಇರುವಾಗ ವರ್ಲ್ಡ್ ಚಾಂಪಿಯನ್ ಆದ್ಲು. ತುಕ್ತಮಿಶೆವಾ ಎರಡನೇದು, ಆರು ವರ್ಷದ ನಂತರ ವರ್ಲ್ಡ್ಸ್ ಪೋಡಿಯಂಗೆ ವಾಪಸ್. ತ್ರುಸೋವಾ ಶಾರ್ಟ್‌ನಲ್ಲಿ 12ನೇ ಸ್ಥಾನಕ್ಕೆ ಹೋಗಿ, ಫ್ರೀನಲ್ಲಿ ಐದು ಕ್ವಾಡ್ ಟ್ರೈ ಮಾಡಿ, ಬಿದ್ದು ಎದ್ದು ಮೂರನೇ ಸ್ಥಾನಕ್ಕೆ ಏರಿದ್ಲು. ಮಹಿಳೆಯರ ಮೂರೂ ಮೆಡಲ್ ಒಂದೇ ದೇಶಕ್ಕೆ ಹೋಗಿದ್ದು 1991ರ ಅಮೆರಿಕಾ ಆದ್ಮೇಲೆ ಇದೇ ಮೊದಲು.

ಪೇರ್ಸ್‌ನಲ್ಲಿ ಚೀನಾದ ಸುಯಿ ವೆನ್‌ಜಿಂಗ್, ಹಾನ್ ತ್ಸೊಂಗ್ ಜೋಡಿನ ನೋಡಲೇಬೇಕು, 2020ರಲ್ಲಿ ಹಾನ್‌ಗೆ ಸೊಂಟದ ಆಪರೇಷನ್ ಆಗಿತ್ತು, ಇಡೀ ಸೀಸನ್ ಇಂಟರ್‌ನ್ಯಾಷನಲ್ ಸ್ಪರ್ಧೆ ಇಲ್ದೆ ನೇರ ಇಲ್ಲಿಗೆ ಬಂದು ಬೆಳ್ಳಿ. ಚಿನ್ನ ಮೊದಲ ವರ್ಲ್ಡ್ಸ್ ಆಡ್ತಿದ್ದ ರಷ್ಯಾದ ಮಿಶಿನಾ, ಗಲ್ಲ್ಯಾಮೊವ್‌ಗೆ, ಎರಡು ಪಾಯಿಂಟ್ ಒಳಗಿನ ಅಂತರ. ಐಸ್ ಡಾನ್ಸ್‌ಗೆ ನಾಲ್ಕು ಸಲ ವರ್ಲ್ಡ್ಸ್ ಗೆದ್ದಿದ್ದ ಫ್ರಾನ್ಸ್‌ನ ಪಪಡಾಕಿಸ್, ಸಿಜರೋನ್ ಬರ್ಲೇ ಇಲ್ಲ, ಆ ಕೊರತೆ ಕಾಣುತ್ತೆ, ಆದ್ರೆ ಕೆನಡಾದ ಪೈಪರ್ ಗಿಲ್ಸ್, ಪಾಲ್ ಪೊರಿಯೆ ಸ್ಕೇಟ್ ಕೆನಡಾನೂ ಇಲ್ದೆ, ನ್ಯಾಷನಲ್ಸೂ ಇಲ್ದೆ ಬಂದು ಕಂಚು ತಗೊಂಡಿದ್ದು ನೋಡಿದ್ರೆ ಖುಷಿ ಆಗುತ್ತೆ. ಮಾರ್ಕ್ಸ್ ಬಂದಾಗ ಮಾಸ್ಕ್ ಮೇಲಿನ ಕಣ್ಣಷ್ಟೇ ಕಾಣೋದು, ಅಷ್ಟರಲ್ಲೇ ಎಲ್ಲಾ ಗೊತ್ತಾಗುತ್ತೆ.

ನೋಡೋ ವ್ಯವಸ್ಥೆ ಬಗ್ಗೆ ಒಂದೆರಡು ಮಾತು. ಐಎಸ್‌ಯು ಯೂಟ್ಯೂಬ್ ಚಾನೆಲ್‌ನಲ್ಲಿ ಏನು ಸಿಗುತ್ತೆ ಅನ್ನೋದು ನೀವಿರೋ ದೇಶದ ಮೇಲೆ ಹೋಗುತ್ತೆ, ಹಕ್ಕು ಮಾರಿರೋ ಕಡೆ ಬ್ಲಾಕ್ ಆಗಿರುತ್ತೆ, ಅಮೆರಿಕಾ ಜಪಾನ್‌ನಲ್ಲಿರೋ ನಮ್ಮವರು ಅಲ್ಲಿನ ಚಾನೆಲ್‌ನಲ್ಲೇ ನೋಡ್ಬೇಕಾಗುತ್ತೆ. ನಾನು ದುಡ್ಡು ಕೊಟ್ಟು ತಗೊಂಡಿದ್ದ ಒಂದು ಸ್ಟ್ರೀಮಿಂಗ್ ಆ್ಯಪ್ ಬಗ್ಗೆ ಮಾತ್ರ ಬೇಜಾರಿದೆ, ಹೆಸರು ಬೇಡ. ಮ್ಯೂಸಿಕ್ ಮೇಲೇ ಕಾಮೆಂಟರಿ, ಮೊದಲ ಗ್ರೂಪ್‌ಗಳನ್ನ ಹಾಕೋದೇ ಇಲ್ಲ, ಫೇಮಸ್ ಹತ್ತು ಜನ ಮಾತ್ರ. ಸಣ್ಣ ದೇಶದ ಸ್ಕೇಟರ್ ಅಷ್ಟೆಲ್ಲಾ ಟೆಸ್ಟ್, ಕ್ವಾರಂಟೈನ್ ದಾಟಿ ಸ್ಟಾಕ್‌ಹೋಮ್‌ವರೆಗೆ ಬಂದು ಆಡಿದ್ದನ್ನ ನೀವು ಜಾಹೀರಾತಿಗೋಸ್ಕರ ಕಟ್ ಮಾಡ್ತೀರಾ? ಕಾಮೆಂಟರಿ ಇಲ್ದಿರೋ ಫೀಡ್ ಆಯ್ಕೆ ಇದ್ರೆ ಅದನ್ನೇ ತಗೊಳ್ಳಿ.

ಮುಂದಿನ ಸೀಸನ್ನೂ ಪೂರ್ತಿ ಸರಿಹೋಗ್ಲಿಲ್ಲ, ಚೀನಾದ ಸ್ಪರ್ಧೆ ಇಟಲಿಯ ಟ್ಯೂರಿನ್‌ಗೆ ಹೋಯ್ತು, ಒಸಾಕಾದ ಫೈನಲ್ ಓಮಿಕ್ರಾನ್‌ನಿಂದ ಮತ್ತೆ ಕ್ಯಾನ್ಸಲ್. ಮಾಂಟ್ರಿಯಲ್‌ಗೆ ವರ್ಲ್ಡ್ಸ್ ಸಿಕ್ಕಿದ್ದು 2024ಕ್ಕೆ.

ನೋಡೋದಾದ್ರೆ ಸ್ಟಾಕ್‌ಹೋಮ್ ಪುರುಷರ ಶಾರ್ಟ್, ಫ್ರೀ ಎರಡನ್ನೂ ಬೆನ್ನು ಬೆನ್ನಿಗೆ ನೋಡಿ, ರಿಸಲ್ಟ್ ಗೊತ್ತಿದ್ರೂ ಪರವಾಗಿಲ್ಲ. ಆಮೇಲೆ ಮಾಸ್ಕೋದ ಮಹಿಳೆಯರದ್ದು, ಆಮೇಲೆ ಎನ್‌ಎಚ್‌ಕೆ ಐಸ್ ಡಾನ್ಸ್. ಪಕ್ಕದಲ್ಲಿ ಐಎಸ್‌ಯು ರಿಸಲ್ಟ್ ಪೇಜಿನ ಪ್ರೋಟೊಕಾಲ್ ಪಿಡಿಎಫ್ ತೆಗೆದಿಟ್ಕೊಳ್ಳಿ, ಪ್ರತಿ ಜಂಪ್‌ಗೆ ಪ್ರತಿ ಜಡ್ಜ್ ಮೈನಸ್ ಐದರಿಂದ ಪ್ಲಸ್ ಐದರವರೆಗೆ ಎಷ್ಟು ಕೊಟ್ರು ಅಂತ ಸಾಲು ಸಾಲಾಗಿ ಇರುತ್ತೆ. ತ್ರುಸೋವಾಳ ಫ್ರೀ ಸ್ಕೇಟ್ ಶೀಟ್‌ನಿಂದ ಶುರು ಮಾಡಿ, ಬಿದ್ದ ಕ್ವಾಡ್‌ಗೂ ಎಷ್ಟು ಪಾಯಿಂಟ್ ಉಳಿಯುತ್ತೆ ಅಂತ ಅದರಲ್ಲೇ ಗೊತ್ತಾಗುತ್ತೆ.